ಬಡಗಿಯ ಮನೆಯಲ್ಲಿದ್ದ ಹುಟ್ಟು

ಶಿಷ್ಯನು ಕೇಳಿದನು: "ಗುರುಗಳೇ, ನಮ್ಮ ವಾಚನಾಲಯದ ಸಂಘಕ್ಕೆ ಅಧ್ಯಕ್ಷರ ಚುನಾವಣೆ ನಡೆಯಿತು. ನಾನು ಅಂದು ನೆಂಟರ ಮನೆಗೆ ಊಟಕ್ಕೆ ಹೋಗಿದ್ದೆ. ನಿಂತಿದ್ದ ಇಬ್ಬರಿಗೂ ಸಮ ಮತ ಬಿದ್ದು ಚೀಟಿ ಎತ್ತಿದರಂತೆ. ವಾಚನಾಲಯವನ್ನೇ ಮುಚ್ಚಬೇಕೆನ್ನುವವನು ಗೆದ್ದುಬಿಟ್ಟ. ದೇವರು ಹೀಗೇಕೆ ಮಾಡಿದ?"

ಗುರುಗಳು ಹೇಳಿದರು:

ಒಂದು ಹೊಳೆಯ ದಡದಲ್ಲಿ ಅಂಬಿಗರ ಸಂಘವಿತ್ತು. ದೋಣಿಗೆ ಎಷ್ಟು ಜನ ಹತ್ತಬೇಕೆಂಬುದು ಸಂಘದ ಯಜಮಾನನ ಮಾತು. ಹಳೆಯ ಯಜಮಾನ ತೀರಿಕೊಂಡಾಗ ಮಳೆ ಹಿಡಿದಿತ್ತು. ಆ ಜಾಗಕ್ಕೆ ಇಬ್ಬರು ನಿಂತರು. ಹನ್ನೆರಡರ ಮೇಲೆ ಒಂದು ತಲೆಯೂ ಬೇಡ ಎಂದ ಒಬ್ಬ ಮುದುಕ. ಇಪ್ಪತ್ತು ಜನ ಹತ್ತಲಿ, ಏನೂ ಆಗುವುದಿಲ್ಲ ಎಂದ ಇನ್ನೊಬ್ಬ. ಅಲ್ಲಿ ಮತ ಹಾಕುವ ರೀತಿಯೇ ಬೇರೆ. ಪ್ರತಿಯೊಬ್ಬನೂ ತನ್ನ ದೋಣಿ ನಡೆಸುವ ಹುಟ್ಟನ್ನು ತಂದು ತನಗೆ ಬೇಕಾದವನ ಮನೆಯ ಗೋಡೆಗೆ ಒರಗಿಸಬೇಕು. ಹುಟ್ಟು ತರದವನಿಗೆ ಮತವಿಲ್ಲ.

ಅವರಲ್ಲೊಬ್ಬ ಅಂಬಿಗನಿಗೆ ದೋಣಿ ನಡೆಸಲು ಕಲಿಸಿದವನು ಆ ಮುದುಕ. ಇಪ್ಪತ್ತು ಎಂದವನು ಅಂಬಿಗನ ಹೆಂಡತಿಯ ಅಣ್ಣ. ಮುದುಕನ ಮಾತೇ ಸರಿಯೆಂದು ಅಂಬಿಗನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಊರೆಲ್ಲ ನೋಡುತ್ತಿರುವಾಗ ಭಾವನ ನಿಷ್ಠುರ ಕಟ್ಟಿಕೊಳ್ಳುವುದು ಹೇಗೆ? ಬೆಳಗಾಗುತ್ತಲೇ ಗಟ್ಟಿಮುಟ್ಟಾದ ತನ್ನ ಹುಟ್ಟನ್ನು ಬಡಗಿಯ ಮನೆಗೆ ಒಯ್ದು, ಬಿರುಕು ಬಿಟ್ಟಿದೆ, ಸರಿಮಾಡು ಎಂದು ಕೊಟ್ಟು ಬಂದ.

"ಇಬ್ಬರಿಗೂ ಬೇಕಾದವನಾಗಿ ಉಳಿದೆ ನೋಡೇ," ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ.

ಎರಡು ಗೋಡೆಗೂ ಇಪ್ಪತ್ತಿಪ್ಪತ್ತು ಹುಟ್ಟು ಬಂದವು. ಸಮವಾದರೆ ಇಬ್ಬರೂ ಒಂದೊಂದು ತೆಂಗಿನಕಾಯಿಯನ್ನು ಹೊಳೆಗೆ ಬಿಡಬೇಕು. ಯಾರ ಕಾಯಿ ಮೊದಲು ದೋಣಿಗಟ್ಟೆ ಮುಟ್ಟುತ್ತದೋ ಅವನು ಯಜಮಾನ. ಭಾವ ತನ್ನ ಕಾಯಿಯನ್ನು ಸೆಳವು ನೋಡಿಯೇ ಬಿಟ್ಟ. ಅದು ಮೊದಲು ಬಂತು. ಹೊಳೆಯ ಒಂದೊಂದು ಸೆಳವನ್ನೂ ಬಲ್ಲ ಆ ಜನ, ಗಂಗಮ್ಮನ ತೀರ್ಪು ಎಂದು ಕೈಮುಗಿದರು.

ಆಡಿದ ಸುಳ್ಳು ನಿಜವೆನಿಸಬೇಕಲ್ಲ, ಅಂಬಿಗ ಹುಟ್ಟನ್ನು ಬಡಗಿಯ ಮನೆಯಲ್ಲೇ ಬಿಟ್ಟಿದ್ದ. ಮೂರನೆಯ ದಿನ ಅವನ ಮಗಳು ಆಚೆ ದಡದ ಗಂಡನ ಮನೆಗೆ ಹೊರಟಳು. ತಾನೇ ದಾಟಿಸುವಂತಿರಲಿಲ್ಲ. ಇನ್ನೊಬ್ಬನ ದೋಣಿಯಲ್ಲಿ, ಹತ್ತೊಂಬತ್ತು ಜನರ ನಡುವೆ, ಅವಳನ್ನು ಕೈಹಿಡಿದು ಕೂರಿಸಿದ. ದೋಣಿ ನಡುಹೊಳೆಯಲ್ಲಿ ಮಗುಚಿತು. ಮಗಳ ಹೆಣವೂ ಸಿಗಲಿಲ್ಲ.

ಅಂಬಿಗ ದಡದಲ್ಲಿ ಕುಳಿತು ಗಂಗಮ್ಮನಿಗೆ ಹಿಡಿಶಾಪ ಹಾಕಿದ. ಬಡಗಿ ಬಂದು ಹುಟ್ಟನ್ನು ಅವನ ಪಕ್ಕದಲ್ಲಿಟ್ಟ.

"ಎಷ್ಟು ಹುಡುಕಿದರೂ ಇದರಲ್ಲಿ ಬಿರುಕು ಕಾಣಲಿಲ್ಲಪ್ಪ," ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿ ಬಂದಿತ್ತು.

"ಪಾಪ, ಗಂಗಮ್ಮ ಅವನ ಮೇಲೆ ಕರುಣೆ ತೋರಬಹುದಿತ್ತು," ಎಂದನು.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ನೆಂಟರ ಮನೆಯ ಊಟ ಚೆನ್ನಾಗಿತ್ತೇ?"