ಹಳೆಯ ಟ್ರ್ಯಾಕ್ಟರಿಗೆ ಹಿಮದ ಬ್ಲೇಡು

ಹಿಮಾಲಯದ ಒಂದು ನದಿ. ದಂಡೆಯ ಮೇಲುಗಡೆ ಒಂದು ಸಣ್ಣ ಆಶ್ರಮ, ಕೆಳಗಡೆ ಒಂದು ಹಳ್ಳಿ.

ಆಶ್ರಮದ ಗುರುಗಳು ಕನ್ನಡನಾಡಿನವರು. ಅವರನ್ನು ಹುಡುಕಿಕೊಂಡು ರಾಣೆಬೆನ್ನೂರಿನಿಂದ ಬಂದು ಅಲ್ಲೇ ಉಳಿದ ಶಿಷ್ಯ ಕುಬೇರಪ್ಪ. ಮೊದಲು ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು.

ಆಶ್ರಮದಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಯಾರೋ ಭಕ್ತರ ತಾತನ ಕಾಲದ್ದು. ಬೇಸಿಗೆಯಲ್ಲಿ ಆಲೂಗಡ್ಡೆ ಹೊಲ ಉಳುತ್ತಿತ್ತು, ಚಳಿಗಾಲದಲ್ಲಿ ಗೋಣಿಚೀಲ ಹೊದ್ದು ಮಲಗುತ್ತಿತ್ತು.

ಆ ವರ್ಷ ಕುಬೇರಪ್ಪ ಅದನ್ನು ಮಲಗಲು ಬಿಡಲಿಲ್ಲ. ಸೇತುವೆ ಕಟ್ಟಿದವರು ಬಿಟ್ಟುಹೋಗಿದ್ದ ದಪ್ಪ ಕಬ್ಬಿಣದ ಹಾಳೆಯನ್ನು ಕಾಯಿಸಿ ಬಾಗಿಸಿದ. ಕೆಳ ಅಂಚಿಗೆ ಲಾರಿಯ ಸ್ಪ್ರಿಂಗ್ ಪಟ್ಟಿ ಬೆಸೆದ. ಬೆನ್ನಿಗೆ ಎರಡು ಗಟ್ಟಿ ಸ್ಪ್ರಿಂಗು ಕೊಟ್ಟ. ಹಿಮ ತಳ್ಳುವ ಬ್ಲೇಡು ತಯಾರಾಯಿತು.

ಟ್ರ್ಯಾಕ್ಟರಿನ ಮೂತಿಗೆ ಅದನ್ನು ಜೋಡಿಸುವ ದಿನ ಗುರುಗಳೂ ಬಂದು ಒಂದು ತುದಿ ಹಿಡಿದುಕೊಂಡರು.

“ಈ ಸ್ಪ್ರಿಂಗು ಯಾಕೋ?”

“ಹಿಮದೊಳಗೆ ಕಲ್ಲು ಅಡಗಿರುತ್ತಲ್ಲ ಗುರುಗಳೇ. ತಾಗಿದ ಕೂಡಲೇ ಬ್ಲೇಡು ಬಾಗಿ ದಾಟಿಕೊಳ್ಳುತ್ತೆ. ಗಾಡಿಗೂ ಪೆಟ್ಟಿಲ್ಲ, ಕಲ್ಲಿಗೂ ಪೆಟ್ಟಿಲ್ಲ.”

“ಕಲ್ಲಿನ ಬಗ್ಗೆ ಯೋಚಿಸಿದ್ದೀಯ. ಒಳ್ಳೆಯದು.”

“ಬಸುರಿಯರು, ಕಾಯಿಲೆಯವರು ಪೇಟೆಗೆ ಇಳಿಯೋಕೆ ದಾರಿ ತೆರೆದಿರುತ್ತೆ. ಊರೊಳಗೂ ಒಂದು ಸುತ್ತು ಹೊಡೆದು ಎಲ್ಲರ ಬಾಗಿಲ ಹಿಮ ತೆಗೆದುಬಿಡ್ತೀನಿ.”

“ಅದನ್ನು ಅವರೇ ತೆಗೀತಾರಲ್ಲ.”

“ಅವರು ತೆಗೆಯೋ ಚಂದ ನೀವೂ ನೋಡಿದ್ದೀರಿ!” ಕುಬೇರಪ್ಪ ನಕ್ಕ.

ಆ ಹಳ್ಳಿಯಲ್ಲಿ ಯಾರೂ ತಮ್ಮ ಬಾಗಿಲ ಹಿಮವನ್ನು ತಾವು ತೆಗೆಯುವುದಿಲ್ಲ. ಬಾಗಿಲು ಹೂತುಹೋಗಿರುವುದರಿಂದ ಮಹಡಿಯ ಏಣಿಯಿಂದ ಇಳಿದು ಪಕ್ಕದ ಮನೆಯವರದ್ದನ್ನು ತೆಗೆಯುತ್ತಾರೆ. ಪಕ್ಕದವರು ಇವರದ್ದನ್ನು ತೆಗೆಯುತ್ತಾರೆ.

ಹಳ್ಳಿಯ ಕೊನೆಗೆ ಎದುರುಬದುರಾಗಿ ಎರಡು ಮನೆ. ಒಂದು ಬೀರೂರಾಮನದು, ಇನ್ನೊಂದು ಅವನ ತಮ್ಮ ಮೋತಿರಾಮನದು. ಇಬ್ಬರೂ ಮುದುಕರು. ತಾಯಿ ತೀರಿಕೊಂಡ ವರ್ಷ ಒಂದು ಅಕ್ರೋಟು ಮರದ ಪಾಲಿಗೆ ಜಗಳವಾಗಿ ಮಾತು ನಿಂತಿತ್ತು. ಮದುವೆಗೆ ಕರೆಯಲಿಲ್ಲ, ಸಾವಿಗೆ ಹೋಗಲಿಲ್ಲ. ಆದರೆ ಹಿಮ ಬಿದ್ದ ಬೆಳಿಗ್ಗೆ ಅಣ್ಣ ಸಲಿಕೆ ಹಿಡಿದು ತಮ್ಮನ ಬಾಗಿಲಿಗೆ ಬರುತ್ತಿದ್ದ, ತಮ್ಮ ಅಣ್ಣನ ಬಾಗಿಲಿಗೆ. ಬೆನ್ನಿಗೆ ಬೆನ್ನು ಹಾಕಿ ತೆಗೆದು, ತಿರುಗಿಯೂ ನೋಡದೆ ಒಳಗೆ ಹೋಗುತ್ತಿದ್ದರು.

“ಅವರವರದ್ದು ಅವರವರೇ ತೆಗೆದುಕೊಂಡರೆ ಕೆಲಸ ಬೇಗ ಆಗಲ್ವಾ?” ಎಂದ ಕುಬೇರಪ್ಪ.

“ಬೇಗ ಆಗುತ್ತೆ,” ಎಂದರು ಗುರುಗಳು.

ಬೋಲ್ಟು ಬಿಗಿಯಾಯಿತು.

ಮೊದಲ ದೊಡ್ಡ ಹಿಮ ಬಿದ್ದ ಮರುದಿನ, ಬೆಳಕು ಹರಿಯುವ ಹೊತ್ತಿಗೆ, ಕುಬೇರಪ್ಪ ಚಕ್ರಗಳಿಗೆ ಸರಪಳಿ ಸುತ್ತಿ ಹೊರಟ. ಬ್ಲೇಡಿನ ಮುಂದೆ ಹಿಮ ಸುರುಳಿ ಸುರುಳಿಯಾಗಿ ಎದ್ದು ಪಕ್ಕಕ್ಕೆ ಬೀಳುತ್ತಿತ್ತು. ಪೇಟೆಯ ದಾರಿ ತೆರೆಯಿತು. ಆಮೇಲೆ ಅವನು ಊರೊಳಗೆ ತಿರುಗಿಸಿದ.

ಕೊನೆಯ ಮನೆಗಳನ್ನು ಮುಗಿಸುವಾಗ ಬೀರೂರಾಮ ಸಲಿಕೆ ಹಿಡಿದು ಏಣಿ ಇಳಿಯುತ್ತಿದ್ದ. ತಮ್ಮನ ಬಾಗಿಲ ಮುಂದೆ ಆಗಲೇ ನೆಲ ಕಾಣುತ್ತಿತ್ತು.

“ಮಹಾರಾಜ್, ಇವನ ಬಾಗಿಲು ತೆಗೆಯೋಕೆ ನಿಮಗೆ ಯಾರು ಹೇಳಿದರು?”

‘ನಾನೇ ತೆಗೆದೆ’ ಎಂಬ ಮಾತು ಕುಬೇರಪ್ಪನ ನಾಲಿಗೆಯ ತುದಿಗೆ ಬಂತು. ‘ನಾನು’ ಎನ್ನದಿರುವುದು ಆ ವರ್ಷ ಅವನು ಹಿಡಿದಿದ್ದ ವ್ರತ. ಮಾತನ್ನು ನುಂಗಿಕೊಂಡ.

“ಹೇಳಿದವರೊಬ್ಬರು ಇದ್ದಾರೆ ಚಾಚಾ. ಹೆಸರು ಯಾಕೆ ಬಿಡಿ.” ನಕ್ಕು, ಮೇಲಕ್ಕೆ ಕೈ ಮುಗಿದ.

ಬೀರೂರಾಮ ಆ ಕೈಯನ್ನು ನೋಡಲಿಲ್ಲ. ತಮ್ಮನ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದ. ಸಲಿಕೆಯನ್ನು ಹೆಗಲಿಗಿಟ್ಟುಕೊಂಡು “ಸರಿ” ಎಂದ.

ಆಶ್ರಮದಲ್ಲಿ ಗುರುಗಳು ಕೇಳಿದರು. “ಹೇಗಾಯ್ತು?”

“ಒಂದು ಚಮಚ ಹಿಮ ಉಳಿಸಿಲ್ಲ ಗುರುಗಳೇ. ಬಾಯಲ್ಲಿ ಒಂದು ಸಲವೂ ‘ನಾನು’ ಅಂತ ಬರಲಿಲ್ಲ.”

“ಎಣಿಸಿಕೊಂಡೆಯಾ?”

ಕೆಲವು ದಿನ ಕಳೆದು ಮೋತಿರಾಮ ಆಶ್ರಮಕ್ಕೆ ಬಂದ. ಅಂಗಳದಲ್ಲೇ ನಿಂತು ಕೂಗಿದ.

“ನಮ್ಮಣ್ಣ ನಿಮಗೆ ಎಷ್ಟು ಮೂಟೆ ಹಿಟ್ಟು ಕೊಟ್ಟ ಮಹಾರಾಜ್?”

“ಏನು ಚಾಚಾ, ಯಾವ ಹಿಟ್ಟು?”

“ನನ್ನ ಬಾಗಿಲು ಮುಟ್ಟೋದು ಬೇಡ ಅಂತ ತಾನೇ ಅವನು ಟ್ರ್ಯಾಕ್ಟರ್ ಕಳಿಸಿದ್ದು? ಒಂದು ಸಲಿಕೆ ಹಿಮ ಅಷ್ಟು ಭಾರವಾಯ್ತಾ ಅವನಿಗೆ? ಎದುರಿಗೇ ನಿಂತು ಕೇಳೋಣ ಅಂತ ಇವತ್ತು ಹೋದೆ. ಬೀಗ! ಹಸುವನ್ನೂ ಮಾರಿ ಪೇಟೆಗೆ, ಮಗಳ ಮನೆಗೆ ಹೋದನಂತೆ.”

“ಈ ಹಿಮದಲ್ಲಿ ಹೇಗೆ ಹೋದರು?”

“ನೀವೇ ರಾಜಮಾರ್ಗ ಮಾಡಿಕೊಟ್ಟಿದ್ದಿರಲ್ಲ!”

ಕುಬೇರಪ್ಪ ಅಂಗಳಕ್ಕೆ ಇಳಿದ. “ಅಣ್ಣ ಹೇಳಲಿಲ್ಲ ಚಾಚಾ. ಎರಡೂ ಬಾಗಿಲು ನಾನೇ ತೆಗೆದೆ. ಯಾರೂ ಹೇಳಲಿಲ್ಲ.”

ಮೋತಿರಾಮ ಮೆಟ್ಟಿಲ ಮೇಲೆ ಕುಳಿತ. “ಅವನು ಏನಾದರೂ ಕೇಳಿದನಾ?”

“ಯಾರು ಹೇಳಿದರು ಅಂತ ಕೇಳಿದರು.”

“ನೀವೇನಂದಿರಿ?”

ಕುಬೇರಪ್ಪ ತಾನು ಆಡಿದ ಮಾತನ್ನು ಹಾಗೇ ಒಪ್ಪಿಸಿದ.

“ಹಾಗಾದರೆ ನಾನೇ ಹೇಳಿಸಿದೆ ಅಂದುಕೊಂಡ,” ಎಂದ ಮೋತಿರಾಮ. ಅವನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಅಂದೇ ಕುಬೇರಪ್ಪ ಟ್ರ್ಯಾಕ್ಟರ್ ಹತ್ತಿ ಪೇಟೆಗೆ ಇಳಿದ. ಬೀರೂರಾಮ ಮಗಳ ಮನೆಯ ಒಲೆಯ ಪಕ್ಕ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ಎಲ್ಲವನ್ನೂ ಕೇಳಿದ. ಚಹಾ ಬಸಿದು ಕೊಟ್ಟ.

“ಗಾಡಿ ಹೊರಗೇ ಇದೆ. ಬನ್ನಿ ಚಾಚಾ, ಹೋಗೋಣ.”

“ಸಿಟ್ಟಿನಲ್ಲಿ ಬಂದಿದ್ದರೆ ಈಗಲೇ ಹತ್ತುತ್ತಿದ್ದೆ. ಸುಸ್ತಾಗಿ ಬಂದೆ ಮಹಾರಾಜ್.”

ಬೆಳ್ಳುಳ್ಳಿಯ ಸಿಪ್ಪೆಯನ್ನು ಒಲೆಗೆ ಹಾಕಿದ.

“ಮಗಳು ಬಾ ಅಂತ ಕರೆದಾಗಲೆಲ್ಲ ಒಂದೇ ಮಾತು ಹೇಳ್ತಿದ್ದೆ. ಹಿಮ ಬಿದ್ದರೆ ಅವನ ಬಾಗಿಲು ಯಾರು ತೆಗೀತಾರೆ ಅಂತ. ನಿಮ್ಮ ಗಾಡಿ ಬಂದ ಮೇಲೆ ಹಾಗೆ ಹೇಳೋಕೆ ಏನೂ ಉಳಿಯಲಿಲ್ಲ.”

ಕುಬೇರಪ್ಪ ಒಬ್ಬನೇ ಹಿಂದಿರುಗಿದ. ಬಂದವನೇ ಸ್ಪ್ಯಾನರ್ ತೆಗೆದುಕೊಂಡು ಬ್ಲೇಡಿನ ಬೋಲ್ಟು ಬಿಚ್ಚತೊಡಗಿದ.

“ಏನು ಮಾಡ್ತಿದ್ದೀಯ?” ಎಂದರು ಗುರುಗಳು.

“ಇದನ್ನು ನದಿಗೆ ಹಾಕ್ತೀನಿ.”

“ನಾಲಿಗೆ ಮಾಡಿದ ತಪ್ಪಿಗೆ ಕಬ್ಬಿಣಕ್ಕೆ ಶಿಕ್ಷೆಯಾ?”

ಗುರುಗಳು ಬಗ್ಗಿ, ಕೆಳಗೆ ಬಿದ್ದಿದ್ದ ಬೋಲ್ಟನ್ನು ಎತ್ತಿ, ಪಂಚೆಯ ತುದಿಯಲ್ಲಿ ಒರೆಸಿ, ಅವನ ಅಂಗೈಯಲ್ಲಿಟ್ಟರು.

“ಹಳ್ಳಿಯ ಕಮ್ಮಾರರ ಸೊಸೆಗೆ ದಿನ ತುಂಬಿದೆ. ದಾರಿ ಬೇಕು. ಹಾಕು.”

ಕುಬೇರಪ್ಪ ಬೋಲ್ಟು ಹಾಕಿದ. ತಲೆಯೆತ್ತದೆ ಕೇಳಿದ. “ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ತಡೆಯಲಿಲ್ಲ ಗುರುಗಳೇ?”

ಗುರುಗಳು ಬ್ಲೇಡಿನ ಬಾಗಿದ ಬೆನ್ನಿನ ಮೇಲೆ ಕೈಯಾಡಿಸಿದರು.

“ಬ್ಲೇಡು ಚೆನ್ನಾಗಿ ಬಂದಿತ್ತು ಕುಬೇರ. ನೋಡಿ ನನಗೂ ಖುಷಿಯಾಗಿತ್ತು.”

ಮತ್ತೆ ಹಿಮ ಬಿತ್ತು. ಕುಬೇರಪ್ಪ ಪೇಟೆಯ ದಾರಿಯನ್ನಷ್ಟೇ ತೆರೆದು, ಟ್ರ್ಯಾಕ್ಟರನ್ನು ಊರ ಹೊರಗೆ ನಿಲ್ಲಿಸಿ, ಗುರುಗಳ ಜೊತೆ ನಡೆದು ಬಂದ.

ಕೊನೆಯ ಮನೆಗಳ ಹತ್ತಿರ ಮೋತಿರಾಮ ಇದ್ದ. ಅವನ ಬಾಗಿಲು ಹಿಮದಲ್ಲಿ ಹೂತೇ ಇತ್ತು. ಅವನು ಬೀಗ ಹಾಕಿದ ಅಣ್ಣನ ಮನೆಯ ಮುಂದೆ ಹಿಮ ತೆಗೆಯುತ್ತಿದ್ದ. ಎರಡು ಸಲಿಕೆ ಎತ್ತಿ ಹಾಕುವನು, ಗೋಡೆ ಹಿಡಿದು ಏದುಸಿರು ಬಿಡುವನು, ಮತ್ತೆ ಬಗ್ಗುವನು.

ಕುಬೇರಪ್ಪ ಅಲ್ಲೇ ಒರಗಿಸಿದ್ದ ಇನ್ನೊಂದು ಸಲಿಕೆಯನ್ನು ಎತ್ತಿಕೊಂಡ. ಗುರುಗಳು ಅದರ ಹಿಡಿಯನ್ನು ಹಿಡಿದುಕೊಂಡರು.

“ಬಿಡಿ ಗುರುಗಳೇ. ವಯಸ್ಸಾದವರು, ಉಸಿರೇ ಸಿಗ್ತಿಲ್ಲ ಅವರಿಗೆ. ಅದೂ ಯಾರೂ ಇಲ್ಲದ ಮನೆ. ನಾನೂ ಒಂದು ಕೈ ಹಾಕ್ತೀನಿ.”

ಗುರುಗಳು ಹಿಡಿ ಬಿಡಲಿಲ್ಲ.

“ಅಣ್ಣತಮ್ಮಂದಿರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಕುಬೇರ.”