ಎಡಗೈಗೆ ಹೋದ ಕತ್ತಿ

ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡೇ ಪುಟ್ಟಗೌರಿ. ಹೂಂ, ಈಗ ಕೇಳು.

ನಮ್ಮ ಪಕ್ಕದ್ಮನೆಯವನು ಕಲ್ಲಚ್ಚಿನ ಪ್ರೆಸ್ಸಲ್ಲಿದಾನಲ್ಲ, ಅವನ ಕೆಲಸ ಹೋಗೋದ್ರಲ್ಲಿತ್ತು. ಆ ಪ್ರೆಸ್ಸಿನ ಧಣಿ ಕಾಟಪ್ಪ ನಾಯಕರು ತಮ್ಮ ಮುತ್ತಾತ ಪಾಳೇಗಾರರ ಪಟ ಅಚ್ಚು ಹಾಕಿಸಿದ್ರು. ಮುತ್ತಾತನ್ನ ಕಂಡೋರು ಯಾರು? ನಾಯಕರನ್ನೇ ನಿಲ್ಲಿಸ್ಕೊಂಡು, ಕೆನ್ನೆ ಮೇಲಿನ ಮಚ್ಚೆ ಸಮೇತ, ಚಿತ್ರ ಬರೆಯೋ ನಂಜುಂಡಾಚಾರಿ ಬಣ್ಣದಲ್ಲಿ ಬರೆದ. ಅದನ್ನ ನೋಡ್ಕೊಂಡು ನಮ್ಮ ಪಕ್ಕದ್ಮನೆಯವನು ಅಚ್ಚಿನ ಕಲ್ಲಿನ ಮೇಲೆ ಬರೀಬೇಕು. ಕಲ್ಲಲ್ಲಿ ಎಡಬಲ ತಿರುವಿ ಬರೆದ್ರೆ ಕಾಗದದಲ್ಲಿ ನೆಟ್ಟಗೆ ಬರತ್ತೆ. ಇವನು ಮರೆತು ನೆಟ್ಟಗೇ ಬರೆದ. ಅವನ ಹೆಂಡ್ತೀನೇ ನನಗೆ ಹೇಳಿದ್ದು. ಇನ್ನೂರು ಪಟದಲ್ಲೂ ಕತ್ತಿ ಎಡಗೈಗೆ ಹೋಯ್ತು.

"ನಮ್ಮ ವಂಶದಲ್ಲಿ ಎಡಚರಿಲ್ಲ ಕಣೋ. ಆ ಕಲ್ಲು ಒಡೆದು ಹಾಕಿ ನೀನು ಮನೆಗೆ ನಡಿ" ಅಂದ್ರಂತೆ ನಾಯಕರು, ಇವನು ಪಟ ತೋರಿಸೋಕೆ ಅವರ ಮನೆಗೆ ಹೋದಾಗ.

ಇವನು ಕೈಮುಗಿದು, "ಆಗ್ಲಿ ಬುದ್ಧಿ. ಒಂದ್ಸಲ ಕತ್ತಿ ಹಿಡ್ಕೊಂಡು ನಿಲುವುಗನ್ನಡಿ ಮುಂದೆ ನಿಂತ್ಕೊಳಿ" ಅಂದು, ಪಟಾನ ಕನ್ನಡಿ ಪಕ್ಕ ಹಿಡಿದ.

ನಾಯಕರು ಕನ್ನಡಿ ನೋಡಿದ್ರು, ಪಟ ನೋಡಿದ್ರು. ಕತ್ತಿ ಅದೇ ಕಡೆ, ಮಚ್ಚೆ ಅದೇ ಕಡೆ.

"ತಾವು ದಿನಾ ಕಾಣೋ ಮುಖ ಇದು ಬುದ್ಧಿ. ಆಚಾರಿ ಬರೆದಿದ್ದು ಬೇರೆಯವರ ಕಣ್ಣಿಗೆ ಕಾಣೋದು."

"ಅದಕ್ಕೇ ಆಚಾರಿ ಪಟ ನೋಡಿದ್ರೆ ಅದು ನಾನಲ್ಲ ಅನ್ನಿಸ್ತಿತ್ತು" ಅಂದ್ರಂತೆ.

ಇವನ ಕೆಲಸ ಉಳೀತು. ಪಾಪ, ಆಚಾರಿ ಈಗ ಬಣ್ಣದ ಪಟದಲ್ಲೂ ಕತ್ತೀನ ಎಡಗೈಗೆ ತಿದ್ದಬೇಕಂತೆ. ನಾಯಕರೋ, ಮನೆಗೆ ಬಂದೋರಿಗೆಲ್ಲ ಮುತ್ತಾತ ಎಡಗೈಲೇ ನೂರು ತಲೆ ಹಾರಿಸಿದ ಅಂತ ಕಥೆ ಹೇಳ್ತಿದಾರೆ. ಅದನ್ನ ಕೇಳ್ಕೊಂಡು ನಮ್ಮೂರ ಶಾಲೆ ಮೇಷ್ಟ್ರು ಮಕ್ಕಳಿಗೂ ಅದನ್ನೇ...

ಸುಮ್ನಿರೇ, ಬಾಗಿಲಿಗೆ ಆಚಾರಿ ಹೆಂಡ್ತಿ ಬಂದ್ಲು.