ದೋಣಿ ಬಂದ ಮೇಲೆ ಬಾ ಎಂದ ಗುರು

"ಪುರಜನರೆಲ್ಲ ಕೇಳಿರಿ. ವಿದ್ಯಾಶಾಲೆಯ ಪರೀಕ್ಷೆಯಲ್ಲಿ ತಮಗೆ ಅನ್ಯಾಯವಾಯಿತು ಎನ್ನುವವರು ಅರಮನೆಗೆ ಬರಬಹುದು. ಮೂರು ಒಗಟು ಬಿಡಿಸಿದವರ ದೂರನ್ನು ಅರಸರು ಕೇಳುತ್ತಾರೆ. ಒಂದು ತಪ್ಪಿದರೂ ತಲೆದಂಡ."

ಹೀಗೆಂದು ಡಂಗುರ ಹೊಡೆಸಿದವನು ಗಂಧವತಿ ಪಟ್ಟಣದ ಅರಸ ಮಲ್ಲರಸ. ವರ್ಷ ವರ್ಷವೂ ಬರುವ ದೂರುಗಳಿಂದ ಅವನಿಗೆ ರೋಸಿಹೋಗಿತ್ತು. ಒಗಟು ಕಟ್ಟಿಕೊಟ್ಟವರು ಶಾಲೆಯ ಗುರು ಸೋಮದೇವರೇ.

ಆದರೂ ಮೂವರು ಬಂದರು. ಮೂರನೆಯವನು ಮಾಳಿಂಗ, ಹೊಳೆಯಾಚೆಯ ಕುರಿಗಾಹಿಯ ಮಗ. ಅವನು ಶಾಲೆ ಸೇರಿದ ದಿನವೇ ಗುರುಗಳ ಮುಂದೆ ತನ್ನ ಕಷ್ಟ ಹೇಳಿಕೊಂಡಿದ್ದ: ಬೆಳಗಿನ ಮೊದಲ ದೋಣಿ ಈಚೆ ದಡ ಮುಟ್ಟುವಷ್ಟರಲ್ಲಿ ಶಾಲೆಯ ಗಂಟೆ ಆಗಿಹೋಗುತ್ತದೆ. ಸೋಮದೇವರು ಅವನ ಬೆನ್ನು ತಟ್ಟಿ, "ದೋಣಿ ಬಂದ ಮೇಲೆ ಬಾ ಮಗು. ನಾನು ನೋಡುವುದು ಉತ್ತರವನ್ನು, ಹೊತ್ತನ್ನಲ್ಲ" ಎಂದಿದ್ದರು. ಆ ಮಾತಿನ ಮೇಲೆ ಹುಡುಗ ಹಗಲಿರುಳೆನ್ನದೆ ಓದಿದ. ಪರೀಕ್ಷೆಯಲ್ಲಿ ಒಂದು ಉತ್ತರವೂ ತಪ್ಪಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಗುರುಗಳಿಂದ ಹೊಸ ನಿಯಮ ಹೊರಬಿತ್ತು. ಗಂಟೆಯ ನಂತರ ಬರುತ್ತಿದ್ದವರಿಗೆ ಒಂದು ದರ್ಜೆ ಕಡಿತ. ಮೇಲ್ದರ್ಜೆಯವರಿಗೆ ಮಾತ್ರ ಅರಮನೆಯಲ್ಲಿ ಕೆಲಸ. ಮಾಳಿಂಗನ ಜಾಗಕ್ಕೆ ಭಂಡಾರಿಯ ಮಗ ಬಂದ. ಮಾಳಿಂಗ ಗುರುಗಳ ಮನೆ ಬಾಗಿಲಲ್ಲಿ ಸಂಜೆಯವರೆಗೂ ನಿಂತ. ಗುರುಗಳು ಹೊರಗೆ ಬರಲೇ ಇಲ್ಲ.

ಸಭೆಯಲ್ಲಿ ಗುರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರಸ ಮೊದಲ ಒಗಟು ಕೇಳಿದ. "ನಾಲಗೆಯಿದೆ, ರುಚಿ ಗೊತ್ತಿಲ್ಲ. ಎಲ್ಲರನ್ನೂ ಒಳಗೆ ಕರೆದು ತಾನು ಹೊರಗೇ ಉಳಿಯುತ್ತದೆ."

ವರ್ತಕರ ಮಗ ಕೇಶವ ಡಂಗುರವೆಂದ. ಡಂಗುರಕ್ಕೆ ನಾಲಗೆ ಎಲ್ಲಿಯದು? ಭಟರು ಅವನನ್ನು ಕಂಬಕ್ಕೆ ಕಟ್ಟಿದರು. ಎರಡನೆಯವನಾದ ನಾಗದತ್ತ ಗಂಟೆಯೆಂದು ಹೇಳಿ ಗೆದ್ದ. ಮಾಳಿಂಗನೂ ಅದನ್ನೇ ಹೇಳಿದ.

"ಹೊರಟ ಜಾಗ ಬಿಡದೆ ಊರಿಂದೂರಿಗೆ ಹೋಗುತ್ತದೆ, ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಏನದು?"

ನಾಗದತ್ತ ಬೆವರೊರೆಸಿಕೊಂಡು ಗಾಳಿ ಎಂದ. ಅವನನ್ನೂ ಕಟ್ಟಿದರು. ಮಾಳಿಂಗ ಮುಂದೆ ಬಂದ. ದಾರಿ, ಎಂದ. ದಾರಿ ಊರಿಂದೂರಿಗೆ ಹೋಗುತ್ತದೆ ಅನ್ನುತ್ತೇವೆ, ಆದರೆ ನಡೆಯುವವರು ನಾವು ಎಂದು ಬಿಡಿಸಿಯೂ ಹೇಳಿದ.

ಅರಸ ಮುಂದಕ್ಕೆ ಬಾಗಿ ಕುಳಿತ. "ಕೊಟ್ಟ ಮೇಲೂ ಅದನ್ನು ಉಳಿಸಿಕೊಳ್ಳಬೇಕಾದವನು ಕೊಟ್ಟವನೇ. ಮುರಿದರೆ ಸದ್ದಾಗುವುದಿಲ್ಲ, ಪಡೆದವನಿಗೆ ಮಾತ್ರ ಕೇಳಿಸುತ್ತದೆ. ಏನದು?"

ಉತ್ತರ ಮಾಳಿಂಗನಿಗೆ ಆ ಕ್ಷಣವೇ ಹೊಳೆಯಿತು. ಇದನ್ನು ಕಟ್ಟಿದವರು ಯಾರೆಂಬುದೂ ನೆನಪಾಯಿತು. ಇಷ್ಟೆಲ್ಲ ಗೊತ್ತಿದ್ದೂ ಹೀಗೆ ಮಾಡಿದರಲ್ಲ. ಅವನು ಗುರುಗಳ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು.

"ಮಾತು, ಮಹಾಸ್ವಾಮಿ."

ಮೂರೂ ಸರಿಯಾದವು. ಅರಸ ದೂರು ಹೇಳೆಂದ. ಮಾಳಿಂಗ ದೋಣಿಯ ಸಂಗತಿಯನ್ನೂ ಆಮೇಲೆ ಬಂದ ನಿಯಮವನ್ನೂ ಹೇಳಿದ, ಹೆಚ್ಚು ಸೇರಿಸಲಿಲ್ಲ. ನಿಜವೇ ಎಂದು ಅರಸ ಕೇಳಿದ್ದಕ್ಕೆ ಸೋಮದೇವರು ತಲೆಯಾಡಿಸಿದರು. ಭಂಡಾರಿಯ ಮಗನಿಗೆ ಜಾಗ ಬೇಕಿತ್ತು, ಯಾರನ್ನಾದರೂ ಇಳಿಸಲೇಬೇಕಿತ್ತು ಎಂದು ಒಪ್ಪಿಕೊಂಡರು. ಆಮೇಲೆ ಶಿಷ್ಯನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನೀನು ನನ್ನ ಮೇಲೆ ದೂರು ಕೊಡುವವನಲ್ಲ ಅಂದುಕೊಂಡಿದ್ದೆ ಮಗು."

"ಅದಕ್ಕೇ ನನ್ನನ್ನು ಆರಿಸಿದಿರಾ, ಗುರುಗಳೇ?"

ಅರಸ ಆ ನಿಯಮವನ್ನು ರದ್ದು ಮಾಡಿ, ಮಾಳಿಂಗನಿಗೆ ಮೇಲ್ದರ್ಜೆಯನ್ನೂ ಅರಮನೆಯ ಕೆಲಸವನ್ನೂ ಕೊಟ್ಟು ಕೊರಳಿಗೆ ಹಾರ ಹಾಕಿಸಿದ. ಇನ್ನೇನು ಬೇಕೆಂದಾಗ ಮಾಳಿಂಗ ಕಂಬಕ್ಕೆ ಕಟ್ಟಿದ್ದ ಇಬ್ಬರನ್ನೂ ಬಿಡಿಸಿ ಅವರ ದೂರನ್ನೂ ಕೇಳಬೇಕೆಂದ. ಅರಸ ಒಪ್ಪಿದ.

ಮನೆಗೆ ಬಂದಾಗ, ದೂರಿನ ವಿಷಯವೇ ಗೊತ್ತಿಲ್ಲದ ಅವ್ವ ಮಗನ ಕೊರಳಿನ ಹಾರ ನೋಡಿ ಕಣ್ಣೀರು ಹಾಕಿದಳು. ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತ, ಗುರುಗಳಿಗೆ ಎಷ್ಟು ಸಂತೋಷವಾಯಿತೋ ಏನೋ, ನಾಳೆ ಅವರ ಮನೆಗೆ ಒಂದು ಗಡಿಗೆ ಹಾಲು ಕೊಟ್ಟು ಕಾಲಿಗೆ ಬಿದ್ದು ಬಾ ಎಂದಳು.

ಮಾಳಿಂಗ ಹೂಂ ಎಂದ. ಮುರಿದ ರೊಟ್ಟಿ ಕೈಯಲ್ಲೇ ಆರಿತು.